ಮೋಹನದಾಸರ ಬಾಯಿಗೆ ಬೀಗ

ಒಳ್ಳೆಯ ಸುದ್ದಿ ಮೋಹನದಾಸರ ಹೊಟ್ಟೆಯಲ್ಲಿ ಒಂದು ಹೊತ್ತೂ ದಕ್ಕಿದ್ದಿಲ್ಲ. ಅವರು ಅಬುಧಾಬಿಯ ಖಾಲಿದಿಯಾದ ಹೋಟೆಲೊಂದರಲ್ಲಿ ಖರೀದಿಯ ಮೇಲ್ವಿಚಾರಕರು. ಟೊಮೆಟೊ ನಾಲ್ಕು ಕಾಸು ಅಗ್ಗಕ್ಕೆ ಸಿಕ್ಕರೂ ಸರಿ, ಮಗ ರಿತೇಶನಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕರೂ ಸರಿ, ಸಂಜೆಯೊಳಗೆ ಖಾಲಿದಿಯಾದ ಅರ್ಧ ಕನ್ನಡಿಗರಿಗೆ ಅದು ತಲುಪಬೇಕು. ಹಾಗೆಂದು ಕೆಟ್ಟ ಮನುಷ್ಯರಲ್ಲ, ಬಾಯಿ ಸ್ವಲ್ಪ ಸಡಿಲ. ಆದರೆ ವಿಚಿತ್ರ ನೋಡಿ, ಇಂಥವರು ಹೆಂಡತಿಯ ವಿಷಯದಲ್ಲಿ ಮಾತ್ರ ಮಹಾ ಮೌನಿ. ಕಾರ್ಕಳದ ಅಕ್ಕ ಫೋನಿನಲ್ಲಿ "ಲೋಲಾಕ್ಷಿ ಎಂತ ಮಾಡ್ತಾಳೆ?" ಎಂದು ಕೇಳಿದಾಗಲೆಲ್ಲ ಅವರ ಉತ್ತರ ಒಂದೇ: "ಎಂತ ಇಲ್ಲ, ಮನೆಯಲ್ಲೇ."

ಮನೆ ಎಂದರೆ ದುಬೈಯ ಅಲ್ ನಹ್ದಾದ ಬಾಡಿಗೆ ಫ್ಲ್ಯಾಟು. ವಾರವಿಡೀ ಕಂಪೆನಿಯ ರೂಮಿನಲ್ಲಿದ್ದು ಶುಕ್ರವಾರ ಸಂಜೆ ಮೋಹನದಾಸರು ಅಲ್ಲಿಗೆ ಬರುತ್ತಿದ್ದರು. ಬಂದಾಗ ಮೀನು ಸಾರು ಕುದಿಯುತ್ತಿರುತ್ತಿತ್ತು, ಲೋಲಾಕ್ಷಿಯ ಕಿವಿಯಲ್ಲಿ ಫೋನು ಇರುತ್ತಿತ್ತು. ಉಡುಪಿ ಕಡೆಯಿಂದ ಹೊಸದಾಗಿ ಬಂದ ಹುಡುಗರಿಗೆ ರೂಮು, ಹೊಸ ಸಂಸಾರಕ್ಕೆ ಫ್ಲ್ಯಾಟು, ವೀಸಾ ಮುಗಿಸಿ ಹೊರಟವರ ಮಂಚ ಫ್ರಿಜ್ಜುಗಳಿಗೆ ಗಿರಾಕಿ, ಎಲ್ಲ ಅವಳೇ ಹುಡುಕಿಕೊಡಬೇಕು. ಯಾರು ಬರುತ್ತಿದ್ದಾರೆ, ಯಾರು ಹೊರಟಿದ್ದಾರೆ, ಯಾರಿಗೆ ಅವಸರ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಇದಕ್ಕೆ ಸಿಗುತ್ತಿದ್ದದ್ದು ಊರಿನ ಹಪ್ಪಳದ ಕಟ್ಟು ಮತ್ತು "ದೇವರು ಒಳ್ಳೇದು ಮಾಡ್ಲಿ ಅಕ್ಕ" ಎಂಬ ಮಾತು. ಮೋಹನದಾಸರು ಇದನ್ನು ಟೈಂಪಾಸ್ ಎನ್ನುತ್ತಿದ್ದರು.

ಹಾಗಾಗಿ, ಒಂದು ಶುಕ್ರವಾರ ಊಟಕ್ಕೆ ಕುಳಿತಾಗ ಲೋಲಾಕ್ಷಿ "ನಾನೊಂದು ಫ್ಲ್ಯಾಟು ತಗೊಳ್ತಾ ಇದ್ದೇನೆ" ಎಂದಾಗ ಅವರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು.

"ಅಮ್ಮ ತಗೊಂಡು ಇಟ್ಕೊಳ್ಳೋದಲ್ಲ ಪಪ್ಪ," ಎಂದ ರಿತೇಶ. "ದಿಸ್ ಈಸ್ ಕಾಲ್ಡ್ ಹೋಲ್‌ಸೇಲಿಂಗ್. ಅಮೆರಿಕದಲ್ಲಿ ಎಲ್ಲ ಮಾಡ್ತಾರೆ."

"ಹೋಲ್‌ಸೇಲಾ? ಮನೆ ಎಂತ ನೀರುಳ್ಳಿ ಚೀಲವಾ ಮಾರಾಯ?" ಎಂದರು ಮೋಹನದಾಸರು. ಹೋಲ್‌ಸೇಲ್ ಎಂದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ.

ಲೋಲಾಕ್ಷಿ ಬಿಡಿಸಿ ಹೇಳಿದಳು. ಬೆಟ್ಟಿಬಾಯಿ ಎಂಬ ನರ್ಸು, ಮಂಗಳೂರು ಕಡೆಯವರು, ನಿವೃತ್ತರಾಗಿ ಹೊರಟಿದ್ದಾರೆ. ಇಂಟರ್‌ನ್ಯಾಶನಲ್ ಸಿಟಿಯಲ್ಲಿ ಅವರದೊಂದು ಸಣ್ಣ ಫ್ಲ್ಯಾಟುಂಟು. ನಾಳೆ ನಾಡಿದ್ದು ಎಂದು ಬ್ರೋಕರುಗಳು ಅವರನ್ನು ಸತಾಯಿಸಿ ಸಾಕುಮಾಡಿದ್ದಾರೆ. ಲೋಲಾಕ್ಷಿ ಈಗಲೇ ಮುಂಗಡ ಕೊಟ್ಟು ಒಂದು ಬೆಲೆಗೆ ತನ್ನ ಹೆಸರಲ್ಲಿ ಒಪ್ಪಂದ ಮಾಡಿಕೊಳ್ಳುತ್ತಾಳೆ. ತಿಂಗಳೊಳಗೆ ಅದಕ್ಕಿಂತ ಹೆಚ್ಚು ಕೊಡುವವರನ್ನು ಹುಡುಕಿ, ಬೆಟ್ಟಿಬಾಯಿಯ ಒಪ್ಪಿಗೆಯಿಂದಲೇ ಆ ಒಪ್ಪಂದವನ್ನು ಹೊಸ ಗಿರಾಕಿಗೆ ದಾಟಿಸುತ್ತಾಳೆ. ನಡುವಿನ ಲಾಭ ಅವಳದು.

"ಯಾರೂ ಸಿಕ್ಕದಿದ್ರೆ?"

"ಮುಂಗಡ ಹೋಗ್ತದೆ. ನಾನು ಚೀಟಿ ಎತ್ತಿದ ದುಡ್ಡು ಅದು. ನಿಮ್ಮದು ಒಂದು ದಿರ್ಹಾಮೂ ಇಲ್ಲ."

ಕೊನೆಯ ಮಾತು ಮೋಹನದಾಸರಿಗೆ ಚುಚ್ಚಿತು. ವರ್ಷಗಟ್ಟಲೆ ಚೀಟಿ ಕಟ್ಟಿದ ದುಡ್ಡನ್ನು ಹೀಗೆ ನೀರಿಗೆ ಹಾಕುವುದಾ ಎಂದು ಅವರು ಗೊಣಗಿದರು. ಆದರೂ ಮರುದಿನ ಕಾರು ತೆಗೆಯುವುದನ್ನು ಬಿಡಲಿಲ್ಲ.

ಬೆಟ್ಟಿಬಾಯಿಯ ಮನೆಯ ಮೆಟ್ಟಿಲು ಹತ್ತುವಾಗ ರಿತೇಶನ ಮೆಸೇಜು ಬಂತು: ನಾವು ಇನ್ನೊಬ್ಬರಿಗೆ ಮಾರುತ್ತೇವೆ ಎಂದು ಯಾವ ಕಾರಣಕ್ಕೂ ಹೇಳಬೇಡಿ, ಯೂಟ್ಯೂಬ್ ವಿಡಿಯೋದವರೆಲ್ಲ ಅದನ್ನೇ ಹೇಳುವುದು. ಲೋಲಾಕ್ಷಿ ಓದಿ ಫೋನನ್ನು ಚೀಲಕ್ಕೆ ಹಾಕಿದಳು. ಒಳಗೆ ಫಾರಿಸ್ ಕಾಗದಪತ್ರ ಹಿಡಿದು ಕಾದಿದ್ದ. ಕಾಸರಗೋಡಿನವನು, ದುಬೈಯ ನೈಫ್ ಬಡಾವಣೆಯ ಗಲ್ಲಿಯೊಂದರಲ್ಲಿ ಅವನ ಆಫೀಸು, ಲೈಸೆನ್ಸ್ ಇರುವ ಬ್ರೋಕರು. ಬೆಟ್ಟಿಬಾಯಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಂತೆ ಲೋಲಾಕ್ಷಿ ತಡೆದಳು.

"ಬೆಟ್ಟಿಬಾಯಿ, ಸೈನ್ ಮಾಡುವ ಮೊದಲು ಒಂದು ಮಾತು. ನಾನು ಇದನ್ನು ಇಟ್ಕೊಳ್ಳುವುದಿಲ್ಲ. ಇನ್ನೊಬ್ಬರಿಗೆ ಹೆಚ್ಚಿಗೆ ಕೊಡ್ತೇನೆ. ಆ ಹೆಚ್ಚಿನದ್ದು ನನಗೆ. ನಾಳೆ ಬೇರೆಯವರ ಬಾಯಿಂದ ಕೇಳಿ ನಿಮಗೆ ಬೇಜಾರಾಗ್ಬಾರ್ದು."

ಕೆಟ್ಟಿತು ಎಂದುಕೊಂಡರು ಮೋಹನದಾಸರು. ಫಾರಿಸ್ ತಲೆ ಕೆರೆದುಕೊಂಡ. ಬೆಟ್ಟಿಬಾಯಿ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು.

"ಎಷ್ಟು ಉಳೀತದೆ ನಿಮಗೆ?"

ಲೋಲಾಕ್ಷಿ ತನ್ನ ಲೆಕ್ಕ ಮುಚ್ಚುಮರೆಯಿಲ್ಲದೆ ಹೇಳಿದಳು. ಸಿಗದಿದ್ದರೆ ಹೋಗುವುದೆಷ್ಟು ಎಂಬುದನ್ನೂ ಹೇಳಿದಳು.

"ನನಗೆ ಟಿಕೆಟ್ ಆಗಿದೆ. ಹೊರಡುವ ಮೊದಲು ನನ್ನ ದುಡ್ಡು ನನ್ನ ಕೈಗೆ ಬರ್ಬೇಕು, ಅಷ್ಟೇ," ಎಂದರು ಬೆಟ್ಟಿಬಾಯಿ. "ಎಲ್ಲರೂ ನನ್ನತ್ರ ಸುಳ್ಳೇ ಹೇಳಿದ್ದು. ನೀವೊಬ್ಬರು ಲಾಭ ಮಾಡ್ತೇನೆ ಅಂತ ಮುಖಕ್ಕೇ ಹೇಳಿದ್ರಿ. ಮಾಡಿ ಮಾರಾಯ್ತಿ, ಓಡಾಡುವುದು ನೀವಲ್ವಾ?"

ಆಮೇಲೆ ಲೋಲಾಕ್ಷಿ ಒಪ್ಪಂದವನ್ನು ಸಾಲು ಸಾಲಾಗಿ ಓದಿದಳು. ಒಂದು ಕಡೆ ಬೆರಳಿಟ್ಟು, "ಫಾರಿಸ್, ಬೇರೆಯವರಿಗೆ ದಾಟಿಸ್ಬಹುದು ಅಂತ ಇಲ್ಲಿ ಸ್ಪಷ್ಟ ಇಲ್ಲ. ಅದನ್ನೂ ಬರೆ" ಎಂದಳು. ಫಾರಿಸ್ ಮರುಮಾತಿಲ್ಲದೆ ಬರೆದ. ಸೋಫಾದ ತುದಿಯಲ್ಲಿ ಕುಳಿತಿದ್ದ ಮೋಹನದಾಸರಿಗೆ ಎದೆಯೊಳಗೆ ಏನೋ ಉಬ್ಬಿ ಬಂದಂತಾಯಿತು. ಹೆಂಡತಿಯನ್ನು ಅವರು ಅಡುಗೆಮನೆಯಲ್ಲಿ, ದೇವಸ್ಥಾನದಲ್ಲಿ, ಮದುವೆಮನೆಯಲ್ಲಿ ನೋಡಿದ್ದರು. ನಾಲ್ಕು ಜನರ ನಡುವೆ ಹೀಗೆ ಆಜ್ಞೆ ಮಾಡುವುದನ್ನು ನೋಡಿದ್ದು ಅದೇ ಮೊದಲು, ಮತ್ತು ಅದು ಅವಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು!

ಕಾರಿನಲ್ಲಿ ಕುಳಿತ ಮೇಲೆ ಲೋಲಾಕ್ಷಿ ಹೇಳಿದಳು: "ಇನ್ನು ನಿಮ್ಮ ವಿಷಯ. ಫ್ಲ್ಯಾಟು ಯಾರದ್ದು, ಎಲ್ಲಿ, ಎಷ್ಟಕ್ಕೆ, ಒಂದೂ ಹೊರಗೆ ಬೀಳ್ಬಾರ್ದು. ರಿಜಿಸ್ಟ್ರೇಶನ್ ಆಗುವವರೆಗೆ ಬಾಯಿಗೆ ಬೀಗ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಇಲ್ಲ," ಎಂದಳು ಲೋಲಾಕ್ಷಿ, ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ.

ಸೋಮವಾರ ಮೋಹನದಾಸರು ತಡೆದುಕೊಂಡರು. ಮಂಗಳವಾರ ಊಟದ ಹೊತ್ತಿಗೆ ಎದ್ದು ಹೋಗಿ ತಡೆದುಕೊಂಡರು. ಬುಧವಾರ ಸಂಜೆ ಕರಕ್ ಚಹಾದ ಅಂಗಡಿಯಲ್ಲಿ ಶ್ರೀನಿವಾಸಮೂರ್ತಿ ಸಿಕ್ಕಿದರು. ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ದುಬೈಯಲ್ಲಿ ತಾವು ಕೊಂಡ ಫ್ಲ್ಯಾಟುಗಳ ಬಗ್ಗೆ ಅವರು ಮಾತಾಡಲು ಶುರುಮಾಡಿದರೆ ಚಹಾ ಆರಿ ಹೋಗಬೇಕು. ಅಂದೂ ಹಾಗೆಯೇ ಆಯಿತು. ಕೊನೆಗೆ ಕೇಳಿದರು:

"ನಿಮ್ಮನೆಯವ್ರು ಏನ್ ಮಾಡ್ತಾರೆ ಮೋಹನದಾಸ್? ಮನೇಲೇ ಇದಾರಲ್ವಾ?"

ಬಹಳ ವರ್ಷಗಳ ಅಭ್ಯಾಸದಿಂದ "ಹೌದು, ಮನೆಯಲ್ಲೇ" ಎಂಬುದು ನಾಲಿಗೆಯ ತುದಿಗೆ ಬಂದೇ ಬಂತು. ಆದರೆ ಆ ಹೊತ್ತಿಗೆ ಒಪ್ಪಂದದ ಮೇಲೆ ಬೆರಳಿಟ್ಟ ಲೋಲಾಕ್ಷಿ ಕಣ್ಣ ಮುಂದೆ ಕುಳಿತಳು. ಆ ಉತ್ತರ ಹೇಳುವುದು ಅವರಿಂದಾಗಲಿಲ್ಲ.

"ರಿಯಲ್ ಎಸ್ಟೇಟ್ ಮಾಡ್ತಾಳೆ," ಎಂದರು ಮೋಹನದಾಸರು. ಒಮ್ಮೆ ಬಾಯಿ ತೆರೆದ ಮೇಲೆ ಮುಚ್ಚುವುದು ಹೇಗೆ? ಬೆಟ್ಟಿಬಾಯಿ ಬಂದರು, ಇಂಟರ್‌ನ್ಯಾಶನಲ್ ಸಿಟಿಯ ಗ್ರೀಸ್ ಕ್ಲಸ್ಟರ್ ಬಂತು, ಕಟ್ಟಡದ ನಂಬರು ಬಂತು, ಒಪ್ಪಂದದ ಬೆಲೆಯೂ ಬಂತು. ಮೂರ್ತಿಗಳು ಇನ್ನೊಂದು ಚಹಾ ಹೇಳಿ, ತಲೆದೂಗಿ ಕೇಳಿಸಿಕೊಂಡರು. ಇಷ್ಟು ಆಸಕ್ತಿಯಿಂದ ಮೋಹನದಾಸರ ಮಾತನ್ನು ಅವರು ಎಂದೂ ಕೇಳಿರಲಿಲ್ಲ.

ರೂಮಿಗೆ ಮರಳಿ ಶೂ ಬಿಚ್ಚುವಾಗ ಮೋಹನದಾಸರಿಗೆ ಹೊಳೆಯಿತು, ಮೂರ್ತಿಗಳು ಕಟ್ಟಡದ ನಂಬರನ್ನು ಎರಡೆರಡು ಸಲ ಕೇಳಿದ್ದರು. ಬೆಟ್ಟಿಬಾಯಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟು ಮೂರ್ತಿ ಒಪ್ಪಂದ ಮುರಿಸಿದರೆ ಲೋಲಾಕ್ಷಿಯ ಗತಿ? ಮುಂಗಡ ವಾಪಸು ಬಂದೀತು. ಆದರೆ ಮೊದಲ ವ್ಯಾಪಾರದಲ್ಲೇ ಗಂಡನಿಂದ ಮುಖಭಂಗವಾದವಳು ಮತ್ತೆ ಇನ್ನೊಂದಕ್ಕೆ ಕೈ ಹಾಕುತ್ತಾಳೆಯೇ? ಇನ್ನು ಜೀವಮಾನವಿಡೀ ಮನೆಯಲ್ಲೇ. ಆ ಮಾತು ಈಗ ಅವರಿಗೇ ಬೈಗುಳದ ಹಾಗೆ ಕೇಳಿಸಿತು.

ಶುಕ್ರವಾರ ಬಾಗಿಲು ತೆರೆದಾಗ ಸಾರು ಕುದಿಯುತ್ತಿರಲಿಲ್ಲ. ಲೋಲಾಕ್ಷಿ ಊಟದ ಮೇಜಿನ ಮುಂದೆ ಕೈಕಟ್ಟಿ ಕುಳಿತಿದ್ದಳು.

"ಬೆಟ್ಟಿಬಾಯಿ ಫೋನ್ ಮಾಡಿದ್ರು," ಎಂದಳು. "ಯಾರೋ ಮೂರ್ತಿಯಂತೆ, ಅಬುಧಾಬಿಯವರಂತೆ. ನಾನು ಹೇಳಿದ್ದಕ್ಕಿಂತ ಹೆಚ್ಚು ಕೊಡ್ತಾರಂತೆ, ಸೀದಾ ತನಗೇ ಕೊಡಿ ಅಂದ್ರಂತೆ."

ಮೋಹನದಾಸರು ಕುರ್ಚಿ ಹಿಡಿದುಕೊಂಡು ನಿಂತರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ, ಅದೊಂದು ಗುಣ ಅವರಲ್ಲಿತ್ತು. "ನಾನೇ ಹೇಳಿದ್ದು," ಎಂದರು.

"ಗೊತ್ತು. ಇಷ್ಟು ವರ್ಷ ಆಯ್ತು, ನನ್ನ ವಿಷಯ ಒಂದು ಸಲ ಯಾರತ್ರ ಆದ್ರೂ ಬಾಯಿ ಬಿಟ್ಟದ್ದುಂಟಾ ನೀವು? ಹೇಳ್ಬೇಡಿ ಅಂದಾಗಲೇ ಹೇಳ್ಬೇಕಿತ್ತಾ?" ಲೋಲಾಕ್ಷಿ ಕಣ್ಣೊರೆಸಿಕೊಂಡಳು. ಕೋಪ ಮಾತ್ರವಾಗಿದ್ದರೆ ಮೋಹನದಾಸರು ತಡೆದುಕೊಳ್ಳುತ್ತಿದ್ದರು.

"ತಡೀಲಿಕ್ಕೆ ಆಗ್ಲಿಲ್ಲ ಲೋಲಾ. ನೀನು ಅಲ್ಲಿ ಕೂತು ಫಾರಿಸ್‌ನತ್ರ ಬರೆಸಿದ್ದುಂಟಲ್ಲ, ಅದನ್ನು ಯಾರಿಗಾದ್ರೂ ಹೇಳದಿದ್ರೆ ನನ್ನ ಎದೆ ಒಡೀತಿತ್ತು."

ಅವಳು ಎದ್ದು ಹೋಗಿ ಒಲೆ ಹಚ್ಚಿದಳು. ಸಾರಿಗೆ ಹುಳಿ ಹಾಕುತ್ತ, ಇವರ ಕಡೆ ತಿರುಗದೆಯೇ ಉಳಿದದ್ದನ್ನು ಹೇಳಿದಳು. ನಡುವಿನವಳು ನಿಮ್ಮಿಂದ ಲಾಭ ಹೊಡೆಯುತ್ತಾಳೆ, ಗೊತ್ತುಂಟಾ ಎಂದು ಮೂರ್ತಿ ಬೆಟ್ಟಿಬಾಯಿಯನ್ನು ಕೇಳಿದರಂತೆ. ಬೆಟ್ಟಿಬಾಯಿ ನಕ್ಕುಬಿಟ್ಟರಂತೆ. ಎಷ್ಟು ಹೊಡೆಯುತ್ತಾಳೆ ಎಂಬುದೂ ಗೊತ್ತು, ಅವರೇ ಹೇಳಿದ್ದು, ನಾನು ಸೈನ್ ಹಾಕಿ ಆಯ್ತು, ಖಲಾಸ್, ಫ್ಲ್ಯಾಟು ಬೇಕಾದರೆ ಲೋಲಾಕ್ಷಿಯವರನ್ನೇ ಕೇಳಿ ಎಂದು ಇವಳ ನಂಬರು ಕೊಟ್ಟು ಕಳಿಸಿದರಂತೆ.

ಮೋಹನದಾಸರು ತಟ್ಟೆಗಳನ್ನು ತಂದು ಮೇಜಿನ ಮೇಲಿಟ್ಟರು.

ಮರುದಿನ ಬೆಳಿಗ್ಗೆ ಮೂರ್ತಿಗಳ ಫೋನು ಬಂತು. ಲೋಲಾಕ್ಷಿ ಸ್ಪೀಕರ್ ಹಾಕಿ, ತುಟಿಯ ಮೇಲೆ ಬೆರಳಿಟ್ಟು ಗಂಡನ ಕಡೆ ನೋಡಿದಳು. ಮೂರ್ತಿಗಳು ಸುತ್ತಿ ಬಳಸಿ ಚೌಕಾಸಿಗಿಳಿದರು. "ನೋಡಿಮ್ಮಾ, ನೀವು ಎಷ್ಟಕ್ಕೆ ಮಾಡ್ಕೊಂಡಿದೀರ ಅಂತ ನನಗೆ ಗೊತ್ತು."

"ಗೊತ್ತಿದ್ರೆ ಒಳ್ಳೇದೇ ಸರ್, ನನಗೆ ವಿವರಿಸುವ ಕೆಲಸ ಇಲ್ಲ," ಎಂದಳು ಲೋಲಾಕ್ಷಿ. "ಬೆಲೆ ಒಂದೇ. ಅಕ್ಕಪಕ್ಕದ ಫ್ಲ್ಯಾಟುಗಳು ಎಷ್ಟಕ್ಕೆ ಹೋಗಿವೆ ಅಂತ ನಿಮಗೆ ನಾನು ಹೇಳ್ಬೇಕಾ? ಅದಕ್ಕಿಂತ ಕಡಿಮೆಗೇ ಕೊಡ್ತಾ ಇದ್ದೇನೆ. ಸಂಜೆಯೊಳಗೆ ಹೇಳಿ, ಇನ್ನೊಬ್ಬರು ನೋಡ್ಲಿಕ್ಕೆ ಬರುವವರಿದ್ದಾರೆ."

ಬರುವವರು ನಿಜಕ್ಕೂ ಇದ್ದರು, ಶಾರ್ಜಾದ ಒಂದು ದಂಪತಿ. ಅವರು ಬರುವುದರೊಳಗೆ ಮೂರ್ತಿಗಳು ಒಪ್ಪಿದರು. ವ್ಯಾಪಾರ ಬಲ್ಲವರು ಅವರು, ಸೋತೆ ಎಂದು ಮುಖ ಸಿಂಡರಿಸುವ ಜಾತಿಯಲ್ಲ.

ಬೆಟ್ಟಿಬಾಯಿ ಹೊರಡುವ ಹಿಂದಿನ ದಿನ ದೇರಾದ ಕಚೇರಿಯೊಂದರಲ್ಲಿ ರಿಜಿಸ್ಟ್ರೇಶನ್. ಬೆಟ್ಟಿಬಾಯಿಗೆ ಅವರ ಚೆಕ್ಕು, ಲೋಲಾಕ್ಷಿಗೆ ಅವಳ ಚೆಕ್ಕು, ಮೂರ್ತಿಗಳಿಗೆ ಫ್ಲ್ಯಾಟು. ಇಡೀ ಹೊತ್ತು ಮೋಹನದಾಸರು ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲ ಮುಗಿದಾಗ ಮೂರ್ತಿಗಳು ಲೋಲಾಕ್ಷಿಗೆ ಕೈಮುಗಿದು, "ಮುಂದೆ ಇಂಥದ್ದೇನಾದ್ರೂ ಬಂದ್ರೆ ಮೊದಲು ನನಗೇ ಹೇಳ್ಬೇಕು ಮೇಡಂ" ಎಂದರು. ಬೆಟ್ಟಿಬಾಯಿ ಅವಳನ್ನು ತಬ್ಬಿಕೊಂಡು, ತನ್ನ ಗೆಳತಿಯೊಬ್ಬಳು ಮುಂದಿನ ವರ್ಷ ನಿವೃತ್ತಳಾಗುತ್ತಾಳೆ, ಅವಳಿಗೆ ನಿಮ್ಮ ನಂಬರು ಕೊಟ್ಟಿದ್ದೇನೆ ಎಂದರು.

ಹೊರಗೆ ಬಿಸಿಲು ರಾಚುತ್ತಿತ್ತು. ಪಾರ್ಕಿಂಗಿನ ನೆರಳಿನಲ್ಲಿ ಲೋಲಾಕ್ಷಿ ಚೆಕ್ಕನ್ನು ಇನ್ನೊಮ್ಮೆ ನೋಡಿ ಚೀಲದೊಳಗಿಟ್ಟಳು.

"ಆಯ್ತು, ಬೀಗ ತೆಗೀರಿ," ಎಂದಳು. "ಇನ್ನು ಯಾರಿಗೆ ಬೇಕಾದ್ರೂ ಹೇಳಿ."

ಮೋಹನದಾಸರು ಕಾದಿದ್ದವರಂತೆ ಫೋನು ತೆಗೆದು ಕಾರ್ಕಳಕ್ಕೆ ಹಚ್ಚಿದರು. ಅಕ್ಕ ಎತ್ತಿದರು. ಊರಲ್ಲಿ ಎಲ್ಲರೂ ಸೌಖ್ಯ ಎಂದರು, ರಿತೇಶ ಹೇಗಿದ್ದಾನೆ ಎಂದರು. ಆಮೇಲೆ ಎಂದಿನಂತೆ ಕೇಳಿದರು: "ಲೋಲಾಕ್ಷಿ ಎಂತ ಮಾಡ್ತಾಳೆ?"

ಮೋಹನದಾಸರು ಬಾಯಿ ತೆರೆದರು. ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದರು. ಕಣ್ಣು ತುಂಬಿ ಬಂದು, ಎದುರಿನ ಕಾರುಗಳೆಲ್ಲ ಮಸುಕಾದವು.

"ಹಲೋ? ಹಲೋ? ಕೇಳ್ತದಾ?" ಎನ್ನುತ್ತಿದ್ದರು ಅಕ್ಕ.

ಲೋಲಾಕ್ಷಿ ಮೆಲ್ಲಗೆ ಅವರ ಕೈಯಿಂದ ಫೋನು ತೆಗೆದುಕೊಂಡಳು.

"ಅತ್ತಿಗೆ, ನಾನು," ಎಂದಳು. "ಫೋನ್ ಇಡ್ಬೇಡಿ. ಇವರಿಗೆ ನನ್ನ ವಿಷಯ ಎಂತದೋ ಹೇಳ್ಲಿಕ್ಕುಂಟಂತೆ. ಸ್ವಲ್ಪ ತಡೀರಿ."