ಸ್ವಿಚ್ಚಿಲ್ಲದ ದೀಪ

ಸುಗ್ಗಿ ಮುಗಿದು ಭದ್ರಾವತಿ ರಸ್ತೆಯಲ್ಲಿ ಹುಲ್ಲಿನ ಗಾಡಿಗಳು ಬೆಳಗಿನಿಂದಲೇ ಸಾಲುಗಟ್ಟಿದ್ದವು. ಗದ್ದೆ ಕೆಲಸ ತೀರಿದ ಜನ ಸಿನಿಮಾಕ್ಕೆ ನುಗ್ಗುವ ಕಾಲ. ಶೇಷಪ್ಪನಿಗೂ ಬಿಡುವಿಲ್ಲದ ಕೆಲಸ. ಶಿವಮೊಗ್ಗದ ಟಾಕೀಸಿಗೂ ಭದ್ರಾವತಿಯ ಟೆಂಟಿಗೂ ಸೇರಿ ಪಿಕ್ಚರಿನ ಪ್ರತಿ ಒಂದೇ. ಇಲ್ಲಿ ಓಡಿ ಮುಗಿದ ರೀಲುಗಳನ್ನು ಡಬ್ಬಿಗೆ ತುಂಬಿ, ಮೋಟಾರು ಸೈಕಲ್ಲಿನ ಹಿಂದೆ ಬಿಗಿದು, ಅಲ್ಲಿ ಆಟ ಶುರುವಾಗುವುದರೊಳಗೆ ಅವನು ಮುಟ್ಟಿಸಬೇಕು.

ಆ ಮಧ್ಯಾಹ್ನ ಶಿವಮೊಗ್ಗದ ಹೊಸಮನೆ ಬಡಾವಣೆಯ ತನ್ನ ಮನೆ ಬಾಗಿಲ ಮುಂದೆ ಕಿಕ್ಕು ಒದ್ದೂ ಒದ್ದೂ ಅವನ ಮೊಣಕಾಲು ಸೋತಿತ್ತು. ಬ್ಯಾಟರಿ ಮತ್ತೆ ಸತ್ತಿತ್ತು. ಬ್ಯಾಟರಿ ಸತ್ತರೆ ಎಂಜಿನ್ನೂ ಏಳದ ಜಾತಿಯ ಗಾಡಿ ಅದು.

"ಇದರ ವಂಶ ಹಾಳಾಗ!" ಎಂದು ಚಕ್ರಕ್ಕೊಂದು ಒದ್ದ. ನೋವಾದದ್ದು ಅವನ ಹೆಬ್ಬೆರಳಿಗೇ.

ತಿಂಗಳಿಂದ ಇದೇ ಗೋಳು. ಬ್ಯಾಟರಿ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಕೋಟೆ ಹತ್ತಿರದ ಗೋವಿಂದಯ್ಯನ ಶೆಡ್ಡಿಗೆ ಹೊರುವುದು. ಅವನು ಚಾರ್ಜು ಹಾಕಿಕೊಟ್ಟರೆ ಗಾಡಿ ಎರಡು ದಿನ ಕುದುರೆ ಹಾಗೆ ಓಡಿ ಮತ್ತೆ ಮಲಗುವುದು. ಆಸಿಡ್ ತಾಗಿ ಶೇಷಪ್ಪನ ಅಂಗಿಗಳೆಲ್ಲ ಜರಡಿಯಾಗಿದ್ದವು. ಹೋದ ಶನಿವಾರ ರೈಲ್ವೆ ಗೇಟಿನಲ್ಲಿ ನಿಲ್ಲಿಸಿದ ಗಾಡಿ ಮತ್ತೆ ಏಳಲೇ ಇಲ್ಲ. ರೀಲಿಗೆ ಕಾದು ಕಾದು ಟೆಂಟಿನಲ್ಲಿ ಜನ ಬೆಂಚು ಮುರಿದಿದ್ದರು. ಟೆಂಟಿನ ಮಾಲೀಕ ಗಂಗಾಧರಪ್ಪ ಖಡಾಖಂಡಿತವಾಗಿ ಹೇಳಿದ್ದ: "ಇನ್ನೊಂದು ಸಲ ತಡವಾದ್ರೆ ನಿನ್ನ ಗಾಡೀನೂ ಬೇಡ, ನೀನೂ ಬೇಡ. ಬಸ್ಸಿನೋರ ಕೈಲಿ ತರಿಸ್ಕೋತೀನಿ."

ಈ ಸಲ ಗಾಡಿಯನ್ನೇ ತಳ್ಳಿಕೊಂಡು ಶೆಡ್ಡಿಗೆ ಹೋದ.

"ಈಗ ಬುದ್ಧಿ ಬಂತು ನೋಡು," ಎಂದ ಗೋವಿಂದಯ್ಯ. "ಕಾಯಿಲೆಯೋನ್ನ ಮನೇಲಿ ಮಲಗಿಸಿ ಬರೀ ಉಚ್ಚೆ ಸೀಸೆ ತಂದ್ರೆ ಡಾಕ್ಟ್ರು ಏನು ಮಾಡ್ತಾನೆ ಮಾರಾಯ?"

ತನ್ನಲ್ಲಿದ್ದ ಚಾರ್ಜಾದ ಬ್ಯಾಟರಿ ಹಾಕಿ ಗಾಡಿ ಎಬ್ಬಿಸಿ ನೋಡಿದ. ಡೈನಮೋ ಸರಿಯಾಗೇ ಚಾರ್ಜು ಕೊಡುತ್ತಿತ್ತು.

"ಹೊಸದಾಗಿ ಏನಾದ್ರೂ ಕಟ್ಟಿದೀಯಾ?"

"ಒಂದು ಹಾರ್ನು, ಅಷ್ಟೇ. ಹುಲ್ಲಿನ ಗಾಡಿಯೋರು ದಾರಿ ಬಿಡಲ್ಲವಲ್ಲ."

ಗೋವಿಂದಯ್ಯ ಹಾರ್ನಿನ ವೈರು ಕಳಚಿದ. ಎಂಜಿನ್ ನಿಲ್ಲಿಸಿ ಕೀಲಿಯನ್ನು ಶೇಷಪ್ಪನ ಕೈಗೆ ಕೊಟ್ಟ. ಬ್ಯಾಟರಿಯ ತಂತಿ ತೆಗೆದು ಮತ್ತೆ ತಾಗಿಸಿದಾಗ ಸಣ್ಣ ಕಿಡಿ ಹಾರಿತು.

"ಕೀಲಿ ನಿನ್ನ ಕೈಲಿದೆ. ಹಾರ್ನು ಬಿಚ್ಚಿದೆ. ಮತ್ತೆ ಈ ಕರೆಂಟು ಯಾರಿಗೆ ಹೋಗ್ತಾ ಇದೆ?"

ಟ್ಯಾಂಕಿನ ಕೆಳಗೆ ತೂರಿದ್ದ ಒಂದು ವೈರನ್ನು ಬೆರಳಲ್ಲಿ ಹಿಡಿದು ಹ್ಯಾಂಡಲ್ಲಿನವರೆಗೆ ಹೋದ. ಅಲ್ಲಿ ದೇವಿಯ ಸಣ್ಣ ಪಟ. ಚೆಂಡುಹೂವಿನ ಹಾರ ಸರಿಸಿದರೆ, ಪಟದ ಬುಡದಲ್ಲಿ ಒಂದು ಕೆಂಪು ಬಲ್ಬು ಉರಿಯುತ್ತಿತ್ತು.

"ಇದೇನು?"

"ಅದು ಅಮ್ಮನ ದೀಪ."

"ಏನಾದ್ರೂ ಕಟ್ಟಿದೀಯಾ ಅಂತ ಕನ್ನಡದಲ್ಲೇ ಕೇಳಿದೆನಲ್ಲೋ!"

"ದೇವರನ್ನೂ ಸಾಮಾನಿನ ಲೆಕ್ಕಕ್ಕೆ ಹಿಡೀತಾರೇನ್ರೀ? ಕಡಲೆಕಾಳಿನಷ್ಟಿದೆ. ಏನು ಮಹಾ ತಿಂದೀತು?"

"ಹಗಲೂ ರಾತ್ರಿ ಮೇಯ್ತಾ ಇದ್ರೆ ಇಲಿ ಕೂಡ ಕಣಜ ಖಾಲಿ ಮಾಡ್ತದೆ. ತಾಳು, ಒಂದು ಸ್ವಿಚ್ಚು ಹಾಕ್ತೀನಿ."

ಶೇಷಪ್ಪ ಅವನ ಕೈ ಹಿಡಿದ. "ಆರಿಸೋ ಹಾಗಿಲ್ಲ. ಹರಕೆ ಅದು."

ಸಂಕ್ರಾಂತಿ ಮಾರನೆಯ ದಿನ ಅವನು ಹುಲ್ಲಿನ ಗಾಡಿಗೆ ಗುದ್ದಿ ಬಿದ್ದು, ತರಚುಗಾಯದಲ್ಲಿ ಉಳಿದಿದ್ದ. ಯುಗಾದಿಯವರೆಗೆ ಗಂಡನ ಗಾಡಿಯ ಮೇಲೆ ಅಮ್ಮನ ದೀಪ ಆರಿಸುವುದಿಲ್ಲವೆಂದು ಹೆಂಡತಿ ದುರ್ಗಮ್ಮ ಹರಕೆ ಹೊತ್ತುಕೊಂಡಿದ್ದಳು. ಸ್ವಿಚ್ಚಿಲ್ಲದೆ ನೇರ ಬ್ಯಾಟರಿಗೇ ವೈರು ಕಟ್ಟಿದವನು ಶೇಷಪ್ಪನೇ.

"ಹಾಗಾದ್ರೆ ನನ್ನ ಬ್ಯಾಟರಿ ಕೊಡಲ್ಲ," ಎಂದ ಗೋವಿಂದಯ್ಯ. "ಅದನ್ನೂ ಕೊಲ್ತೀಯ. ಮನೇಲಿ ಕೇಳ್ಕೊಂಡು ಬಾ, ಹೋಗು."

ರೀಲಿನ ಹೊತ್ತಾಗುತ್ತಿತ್ತು. ಶೇಷಪ್ಪ ಬೆವರು ಸುರಿಸುತ್ತ ಮನೆಗೆ ಓಡಿದ. ದುರ್ಗಮ್ಮ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದಳು. ಎಲ್ಲ ಕೇಳಿಯೂ ಮೊರ ನಿಲ್ಲಿಸಲಿಲ್ಲ.

"ಮನೇಲಿ ಎಣ್ಣೆ ದೀಪ ಇಡು, ಅಮ್ಮ ಏನು ಬೇಡ ಅಂತಾಳಾ?"

"ನಾನು ಬೇಡ್ಕೊಂಡಿದ್ದು ಗಾಡಿ ಮೇಲಿಂದು. ಅಕ್ಕಿ ಕೊಡ್ತೀನಿ ಅಂತ ಹೇಳಿ ರಾಗಿ ಅಳೆಯೋಕಾಗುತ್ತಾ?"

"ಬ್ಯಾಟರಿ ಸತ್ತಾಗಲೆಲ್ಲ ಆ ದೀಪಾನೂ ಸತ್ತಿದೆ ಕಣೇ!"

"ಅದು ತಾನಾಗಿ ಆರಿದ್ದು. ಈಗ ಆರಿಸೋದು ನಾವು."

ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು. "ಹಂಗಾದ್ರೆ ಏನು ಮಾಡ್ಲಿ? ರೀಲು ತಲೆ ಮೇಲೆ ಹೊತ್ಕೊಂಡು ಭದ್ರಾವತಿಗೆ ನಡೀಲಾ? ಈ ಕೆಲಸ ಹೋದ್ರೆ ಕೇರೋಕೆ ಅಕ್ಕೀನೂ ಇರಲ್ಲ."

ಮೊರ ನಿಂತಿತು. ದುರ್ಗಮ್ಮ ಬಹಳ ಹೊತ್ತು ಕಲ್ಲು ಆರಿಸಿದಳು, ಕಲ್ಲಿಲ್ಲದ ಕಡೆಯೂ.

"ಬಿಚ್ಚಿ," ಎಂದಳು ಕೊನೆಗೆ. "ಆದ್ರೆ ಹರಕೆ ತೀರಿತು ಅಂತ ಮಾತ್ರ ನನ್ನೆದುರು ಹೇಳಬೇಡಿ."

ಶೆಡ್ಡಿನಲ್ಲಿ ಗೋವಿಂದಯ್ಯ ಕಟಿಂಗ್ ಪ್ಲೇಯರ್ ಹಿಡಿದು ಕಾಯುತ್ತಿದ್ದ. "ಬೇಡ, ಕೊಡಿ ಇಲ್ಲಿ," ಎಂದು ಶೇಷಪ್ಪ ತಾನೇ ವೈರು ಕಳಚಿದ. ಕೆಂಪು ಬಲ್ಬು ಸದ್ದಿಲ್ಲದೆ ಆರಿತು. ಗಾಡಿ ಒಂದೇ ಒದೆಗೆ ಎದ್ದಿತು. ಅದಕ್ಕೂ ಅವನಿಗೆ ಸಿಟ್ಟೇ ಬಂತು.

"ಮುಖ ಯಾಕೆ ಹಾಗೆ ಮಾಡ್ತೀಯ ಮಾರಾಯ? ಯುಗಾದಿ ಆದ್ರೆ ಹರಕೇನೂ ಮುಗೀತದೆ," ಎಂದ ಗೋವಿಂದಯ್ಯ.

"ಎಲ್ಲಿ ಮುಗೀತದೆ? ತೀರಿಸಿಲ್ಲವಲ್ಲ," ಎಂದು ಶೇಷಪ್ಪ ಟಾಕೀಸಿನ ಕಡೆ ಗಾಡಿ ತಿರುಗಿಸಿದ.