ಎರಡು ಸಲ ಮಡಚಿದ ಅಂಚು

ಕಪಾಟು ದರ್ಜಿ ಅಂಗಡಿಯ ಗೋಡೆಯ ಗೂಡಿನೊಳಕ್ಕೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಸರಿದುಹೋಯಿತು. ಅಷ್ಟು ಸಲೀಸಾಗಿ ಹೋಗಬಾರದಿತ್ತು; ಅಣ್ಣನ ಜೊತೆ ಅದನ್ನು ತಳ್ಳುತ್ತಿದ್ದ ತಂಗಿ ಕೈ ಹಿಂದೆಗೆದಳು. ಬಟ್ಟೆಯ ಥಾನುಗಳನ್ನು ಜೋಡಿಸಿಡಲೆಂದು ಕಪಾಟು ಮಾಡಿಸಿದ್ದ ದರ್ಜಿಯಮ್ಮ ಮುಂದೆ ಬಂದು, ಅದನ್ನು ಎಡಗೋಡೆಗೆ ಒತ್ತಿ, ಬಲಬದಿಯ ಸಂದಿಯಲ್ಲಿ ತೋರುಬೆರಳು ತೂರಿಸಿದರು. ಬೆರಳು ಬುಡದವರೆಗೂ ಹೋಯಿತು.

"ಇದರೊಳಗೆ ಗುಂಡಿ ಬಿದ್ರೆ ಗೋವಿಂದ," ಎಂದರು. "ದಿನಕ್ಕೆ ಹತ್ತು ಬೀಳ್ತವಮ್ಮಾ ನನ್ನ ಕೈಯಿಂದ."

ಒಂದೂವರೆ ವರ್ಷದ ಹಿಂದೆ ತಂಗಿ ಪ್ರಯೋಗಾಲಯದ ಕೆಲಸ ಬಿಟ್ಟು ಬಡಗಿ ಅಣ್ಣನ ಜೊತೆ ಸೇರಿದಾಗ ಮಾತಾಗಿದ್ದು ಒಂದೇ: ಇದು ಇಬ್ಬರ ಸ್ಟುಡಿಯೋ. ಬಾಗಿಲ ಮೇಲಿನ ಫಲಕದಲ್ಲಿ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರಗಳಲ್ಲಿದ್ದವು. ಅದನ್ನು ಅವಳೇ ಅಳೆದು ನೋಡಿದ್ದಳು. ಆದರೆ ಫಲಕ ದಾಟಿ ಒಳಹೊಕ್ಕರೆ ಅವಳ ಪಾಲಿಗೆ ಉಳಿಯುತ್ತಿದ್ದದ್ದು ನಕ್ಷೆ ಬರೆಯುವುದು, ಹಲಗೆ ಉಜ್ಜುವುದು, ಎಣ್ಣೆ ಸವರುವುದು. ಕೊಯ್ಯುವುದು, ಕೂಡಿಸುವುದು ಅಣ್ಣನದು. ಅವಳು ಗರಗಸ ಹಿಡಿದರೆ ಅವನು ಹಿಂದೆ ಬಂದು ನಿಲ್ಲುತ್ತಿದ್ದ. ಮಾತಾಡುತ್ತಿರಲಿಲ್ಲ, ಉಸಿರು ಬಿಡುತ್ತಿದ್ದ. ಅದಕ್ಕಿಂತ ಬೈಗುಳವೇ ವಾಸಿ ಎನಿಸುವಂಥ ಉಸಿರು. 'ಮಿಲಿಮೀಟರ್' ಎಂದು ಅವಳಿಗೆ ಅಡ್ಡಹೆಸರಿಟ್ಟವನೂ ಅವನೇ. ಕೊನೆಗೆ ಜಗಳವಾಡಿ ಅವಳು ಈ ಕಪಾಟನ್ನು ಕೇಳಿ ಪಡೆದಿದ್ದಳು: ಅಳತೆಯಿಂದ ಎಣ್ಣೆಯವರೆಗೆ ಎಲ್ಲವೂ ತನ್ನದೇ, ಅಣ್ಣ ಕೈಹಾಕಕೂಡದು. ಅವನು ಒಪ್ಪಿದ್ದ. ಇದು ನೆಟ್ಟಗಾದರೆ ಇನ್ನು ಮುಂದೆ ಕೊಯ್ಯುವ ಕೆಲಸದಲ್ಲಿ ಅರ್ಧ ಅವಳದೆಂದೂ ಒಪ್ಪಿದ್ದ.

ಅವಳು ಟಿಪ್ಪಣಿ ಪುಸ್ತಕ ತೆರೆದಳು. ಗೂಡಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದು, ಅತಿ ಕಡಿಮೆಯದನ್ನು ಆರಿಸಿ, ಗೋಡೆಯ ಉಬ್ಬುತಗ್ಗಿಗೆಂದು ಪಕ್ಕಕ್ಕೆ ನಾಲ್ಕರಂತೆ ಎಂಟು ಮಿಲಿಮೀಟರ್ ಕಳೆದಿದ್ದಳು. ಅದರಲ್ಲಿ ತಪ್ಪಿರಲಿಲ್ಲ. ಟೇಪು ಹಿಡಿದು ಕಪಾಟನ್ನು ಅಳೆದಳು. ಬರೆದದ್ದಕ್ಕಿಂತ ಎಂಟು ಕಡಿಮೆ ಬಂತು. ಮತ್ತೆ ಅಳೆದಳು. ಎಂಟೇ.

ಒಂದು ಹಲಗೆ ಗಿಡ್ಡವಾಗಿದ್ದರೆ ತನ್ನ ಕೈ ಜಾರಿತೆನ್ನಬಹುದಿತ್ತು. ಐದು ಅಡ್ಡಹಲಗೆಗಳೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಎಂಟೆಂಟು ಕಡಿಮೆಯಾಗಬೇಕಾದರೆ ಅದು ಜಾರಿದ ಕೈಯಲ್ಲ, ಪಳಗಿದ ಕೈ. ಅವಳು ಅಣ್ಣನತ್ತ ತಿರುಗಿದಳು. ಅವನು ಗೋಡೆಯ ಸುಣ್ಣವನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದ.

"ಸೋಮವಾರ ಹಲಗೆ ಕೊಯ್ದಿಟ್ಟು ನಾನು ಎಣ್ಣೆ ತರೋಕೆ ಹೋದಾಗ ಏನು ಮಾಡ್ದೆ?"

"ಏನಿಲ್ಲ. ನೀನು ಸೂಜಿಮೊನೆಗೆ ಅಳೆಯೋಳು, ಸಂದಿ ಬಿಟ್ಟಿರಲ್ಲ ಅಂದ್ಕೊಂಡೆ. ಗೂಡಿಗೆ ಹೋಗ್ದೆ ನಾಲ್ಕು ಜನರ ಮುಂದೆ ನಿನ್ನ ಮುಖ ಸಪ್ಪೆ ಆಗ್ಬಾರ್ದು ಅಂತ... ಪಕ್ಕಕ್ಕೆ ನಾಲ್ಕು ಕೊಯ್ದೆ."

"ಪಕ್ಕಕ್ಕೆ ನಾಲ್ಕು ಬಿಡ್ಬೇಕು ಅಂತ ನಂಗೆ ಹೇಳ್ಕೊಟ್ಟಿದ್ದು ಯಾರು?"

ಅಣ್ಣ ಬಗ್ಗಿ, ಬಲಬದಿಯ ಸಂದಿಗೆ ತನ್ನ ಬೆರಳನ್ನೂ ತೂರಿಸಿ ನೋಡಿದ.

"ಒಂದೇ ಲಂಗಕ್ಕೆ ಇಬ್ರೂ ಅಂಚು ಮಡಚಿದ್ದೀರಿ," ಎಂದರು ದರ್ಜಿಯಮ್ಮ. "ಲಂಗ ಆಗಿದ್ರೆ ಬಿಚ್ಚಬಹುದಿತ್ತು." ನಕ್ಕವರು ಅವರೊಬ್ಬರೇ.

ಅವಳಿಗೆ ಸಿಟ್ಟು ಬಂದದ್ದು ಅವನು ಗರಗಸ ಹಿಡಿದದ್ದಕ್ಕಲ್ಲ. ಅವನು ಕಲಿಸಿದ್ದನ್ನು ಅವಳು ಕಲಿತಿರಬಹುದೆಂಬ ಯೋಚನೆಯೇ ಆ ತಲೆಗೆ ಹೊಳೆದಿರಲಿಲ್ಲ. ತನ್ನ ಮೇಲೂ ಸಿಟ್ಟಿತ್ತು. ಕಣ್ಣಿನಿಂದ ಮರೆಯಾಗಿದ್ದ ಸೀಸೆಯನ್ನು ಪ್ರಯೋಗಾಲಯದಲ್ಲಿ ಮತ್ತೆ ತೂಗದೆ ಬಳಸಿದವಳಲ್ಲ. ಇಲ್ಲಿ ಮಾತ್ರ ಅಣ್ಣನ ಮಾತು ನಂಬಿ, ಕೊಯ್ದ ಹಲಗೆಗಳನ್ನು ಅಂಟಿಸುವ ಮೊದಲು ಮತ್ತೆ ಅಳೆದಿರಲಿಲ್ಲ.

ಅಂಚಿಗೆ ಮರದ ಪಟ್ಟಿ ಕೂರಿಸಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸವೆಂದು ಅಣ್ಣ ಹೇಳುತ್ತಲೇ ಕಿವಿಯ ಮೇಲಿನ ಪೆನ್ಸಿಲಿಗೆ ಕೈಹಾಕಹೋದ. ಅವಳು ಅದಕ್ಕಿಂತ ಮೊದಲೇ ಅದನ್ನು ಕಿತ್ತುಕೊಂಡಳು.

"ನೀನು ಆ ತುದಿ ಹಿಡ್ಕೊ. ಅಷ್ಟೇ."

ಅಂಕುಡೊಂಕಾದ ಗೋಡೆಯನ್ನು ಸಂಖ್ಯೆಯಲ್ಲಿ ಬರೆದುಕೊಳ್ಳಲಾಗುವುದಿಲ್ಲ. ಪಟ್ಟಿಯನ್ನು ಗೋಡೆಗೆ ಆನಿಸಿ, ಪೆನ್ಸಿಲನ್ನು ಮರದ ಚೂರಿನ ಮೇಲಿಟ್ಟು, ಆ ಚೂರನ್ನು ಗೋಡೆಗುಂಟ ಮೇಲಿಂದ ಕೆಳಗೆ ಎಳೆದಳು. ಗೋಡೆಯ ಡೊಂಕೆಲ್ಲ ಮರದ ಮೇಲೆ ಗೆರೆಯಾಗಿ ಮೂಡಿತು. ಗೆರೆಯವರೆಗೆ ಕೀಸುಳಿಯಿಂದ ಕೀಸಿ ಇಟ್ಟು ನೋಡಿದರೆ ನಡುವಿನ ಸಂದಿಯಲ್ಲಿ ಬೆಳಕು. ಮತ್ತೆ ಕೀಸಿದರೆ ತುದಿಯಲ್ಲಿ ಬೆಳಕು. ಒಂದು ಪಟ್ಟಿ ಹಾಳಾಯಿತು. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ತುದಿ ಹಿಡಿದವನು ಒಂದೇ ಸಮನೆ ಉಸಿರು ಬಿಡುತ್ತಿದ್ದ.

ಕೊನೆಗೆ ಎರಡೂ ಬದಿಯ ಪಟ್ಟಿಗಳು ಕೂತವು. ದರ್ಜಿಯಮ್ಮ ಡಬ್ಬಿಯಿಂದ ಅಂಗಿಯ ಗುಂಡಿಯೊಂದನ್ನು ತೆಗೆದು ಮೇಲಿಂದ ಕೆಳಗಿನವರೆಗೂ ಸಂದಿಗೆ ಒತ್ತಿ ನೋಡಿದರು. ಎಲ್ಲಿಯೂ ಒಳಹೋಗಲಿಲ್ಲ. ಅವರಿಗೆ ಅಷ್ಟು ಸಾಕಾಗಿತ್ತು. ಅವಳ ಕಣ್ಣಿಗೆ ಮಾತ್ರ ಆ ಪಟ್ಟಿಗಳು, ಗಾಯವೇ ಆಗಬಾರದಿದ್ದ ಮೈಮೇಲಿನ ಬ್ಯಾಂಡೇಜಿನಂತೆ ಕುಕ್ಕುತ್ತಿದ್ದವು.

ಅಣ್ಣ ಪಟ್ಟಿಯ ಅಂಚಿನ ಮೇಲೆ ಹೆಬ್ಬೆರಳಾಡಿಸಿದ. ಇನ್ನೊಂದು ಕೈ ತಾನಾಗಿ ಕೀಸುಳಿಯತ್ತ ಹೊರಟಿತ್ತು.

"ಇಲ್ಲೊಂಚೂರು..."

"ಅಣ್ಣಾ."

ಕೈ ಅಲ್ಲೇ ನಿಂತಿತು. ಅದನ್ನೆಲ್ಲಿಡಬೇಕೆಂದು ತೋಚದೆ ಅವನು ಜೇಬಿಗೆ ಹಾಕಿ, ಹೊರತೆಗೆದು, ಕಡೆಗೆ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿ ನಿಂತ. ನಾಳೆ ಶುರುಮಾಡಬೇಕಿರುವ ಮೇಜಿನ ಹಲಗೆ ಯಾರು ಕೊಯ್ಯುವುದೆಂದು ಕೇಳಿದ.

"ನಾನು," ಎಂದಳು ಅವಳು, ಟೇಪು ಸುತ್ತುತ್ತಾ. "ಕೊಯ್ದು, ಅಳೆದು, ಬೀಗ ಹಾಕಿ ಇಡ್ತೀನಿ."

ಹಿಂದಿನಿಂದ ಮತ್ತೆ ಅದೇ ಉಸಿರು ಕೇಳಿಸಿತು.