ಏಳು ಕಾಯುತ್ತೆ

"ಏಳು, ಎಲ್ಲಿದ್ದೀರಿ? ಏಳು, ಉತ್ತರ ಕೊಡಿ."

ಮೂರನೆಯ ಸಲ ಕರೆದಾಗಲೂ ರೇಡಿಯೋದಿಂದ ಬಂದದ್ದು ಬರೀ ಗರಗರ ಸದ್ದು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಏಳನೇ ನಂಬರಿನ ಆಂಬುಲೆನ್ಸಿನ ಹಸಿರು ಚುಕ್ಕಿ ಕಲ್ಲಿನ ಕ್ವಾರಿಯ ರಸ್ತೆಯ ಇಳಿಜಾರಿನಲ್ಲಿ ನಿಂತದ್ದು ನಿಂತೇ ಇತ್ತು. ಅವಳು ಗಡಿಯಾರ ನೋಡಿದಳು. ಹನ್ನೊಂದು ನಲವತ್ತೆರಡು. ಆ ಇಳಿಜಾರಿನಲ್ಲಿ ಮೊಬೈಲ್ ಸಿಗ್ನಲ್ ಸತ್ತು ಚುಕ್ಕಿ ನಿಂತುಹೋಗುವುದು ದಿನನಿತ್ಯದ ಮಾತು. ನಾಲ್ಕೈದು ನಿಮಿಷ ಕಳೆದರೆ ಏನೂ ಆಗದವರ ಹಾಗೆ ಮುಂದಿನ ತಿರುವಿನಲ್ಲಿ ಎದ್ದು ಕೂರುತ್ತದೆ. ಆದರೆ ರೇಡಿಯೋಗೆ ಸಿಗ್ನಲ್ಲಿನ ಹಂಗಿಲ್ಲ. ಕರೆದರೆ ಓಗೊಡಬೇಕು.

ಕಂಟ್ರೋಲ್ ರೂಮಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ನಿಂತಕ್ಕ ಎಂದೇ. ಹದಿನಾಲ್ಕು ವರ್ಷದಿಂದ ಆ ಮೇಜಿನ ಹಿಂದಿದ್ದರೂ ಮೈಕಿನಲ್ಲಿ ಮಾತಾಡುವಾಗ ಅವಳು ಕುಳಿತದ್ದನ್ನು ಕಂಡವರಿಲ್ಲ. ಹೆಡ್‌ಫೋನಿನ ತಂತಿ ಬಿಟ್ಟಷ್ಟು ದೂರ ಹೋಗುವುದು, ತಿರುಗುವುದು, ಮತ್ತೆ ಬರುವುದು. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. ಎಡಬಲದ ಮೇಜುಗಳಲ್ಲಿ ಕರೆ ತೆಗೆದುಕೊಳ್ಳುವವರು ಅಳುವವರನ್ನು, ಕೂಗಾಡುವವರನ್ನು ಸಮಾಧಾನ ಮಾಡಿ ವಿಳಾಸ ಕೇಳಿ ಇವಳ ಪರದೆಗೆ ದಾಟಿಸುತ್ತಾರೆ. ಯಾವ ಗಾಡಿ ಎಲ್ಲಿಗೆ ಹೋಗಬೇಕು ಅನ್ನುವುದು ಮಾತ್ರ ಇವಳೊಬ್ಬಳ ಮಾತು. ಆಂಬುಲೆನ್ಸುಗಳು ಒಂಬತ್ತು. ಬೀಳುವವರಿಗೆ, ಬೇಯುವವರಿಗೆ, ಎದೆ ಹಿಡಿದುಕೊಳ್ಳುವವರಿಗೆ ಲೆಕ್ಕವಿಲ್ಲ.

ಏಳನೇ ನಂಬರಿನ ಡ್ರೈವರು ಅವಳ ಗಂಡ.

ಹನ್ನೆರಡು ದಿನದಿಂದ ಮನೆಯಲ್ಲಿ ಇಬ್ಬರಿಗೂ ಮಾತಿಲ್ಲ. ತಿಂಗಳ ಪಾಳಿಯ ಪಟ್ಟಿ ಬರೆಯುವಾಗ ಅವಳು ಏಳನ್ನು ಮತ್ತೆ ಕ್ವಾರಿಯ ಆಚೆಯ ನಿಲ್ದಾಣಕ್ಕೆ ಹಾಕಿದ್ದಳು. ಅಲ್ಲಿ ನೆರಳಿಲ್ಲ, ನಲ್ಲಿಯಿಲ್ಲ, ಹೋಗಿ ಬರುವ ರಸ್ತೆಗೆ ಟಾರಿಲ್ಲ. ಸತತ ಮೂರನೇ ತಿಂಗಳು. "ಬೇರೆಯವರಿಗೆಲ್ಲ ಸರದಿ ಪ್ರಕಾರ ಬರತ್ತೆ, ನನಗೆ ಮಾತ್ರ ಖಾಯಂ ಬಿಸಿಲು. ಯಾಕೆ?" ಎಂದು ಅವನು ಕೇಳಿದ್ದ. "ನಿಮ್ಮನ್ನ ಹತ್ತಿರ ಹಾಕಿದ್ರೆ ಉಳಿದ ಎಂಟು ಜನ ಬಾಯಿಗೆ ಬಂದ ಹಾಗೆ ಆಡ್ಕೋತಾರೆ ರೀ" ಎಂದು ಅವಳು ಹೇಳಿದ್ದಳು. "ಅವರು ಆಡ್ಕೊಳ್ಳಬಾರದು ಅಂತ ನಾನು ಬೇಯಬೇಕಾ? ಊರಿಗೆಲ್ಲ ನ್ಯಾಯ, ಗಂಡನಿಗೆ ಮಾತ್ರ ನಿನ್ನ ಹೆಸರು ಕಾಯೋ ಕೆಲಸ" ಎಂದವನು ತಟ್ಟೆ ಸರಿಸಿ ಎದ್ದು ಹೋಗಿದ್ದ. ಅಂದಿನಿಂದ ಬಾಯಿಗೆ ಬೀಗ. ಮಗಳ ಮೂಲಕ ಮಾತು: ನಿಮ್ಮಪ್ಪನಿಗೆ ಹೇಳು ಗ್ಯಾಸ್ ಮುಗಿದಿದೆ, ನಿಮ್ಮಮ್ಮನಿಗೆ ಹೇಳು ನನಗೆ ಗೊತ್ತಿದೆ. "ನಾನೂ ಒಂದು ಕಂಟ್ರೋಲ್ ರೂಮ್ ಆಗಿಹೋದೆ, ನನಗೆ ಸಂಬಳ ಯಾರು ಕೊಡ್ತೀರಿ?" ಎಂದು ಕಾಲೇಜಿಗೆ ಹೋಗುವ ಮಗಳು ನಿನ್ನೆಯಷ್ಟೇ ರೇಗಿದ್ದಳು.

ರೇಡಿಯೋದಲ್ಲಿ ಮಾತ್ರ ಮಾತಿತ್ತು. "ಏಳು, ಹೊರಡಿ." "ಏಳು, ಹೊರಟೆ." ಅಲ್ಲಿ ಅವನು ಅವಳ ಮೇಲೆ ಒಂದು ದಿನವೂ ಕೋಪ ತೋರಿಸಿರಲಿಲ್ಲ. ಮೊದಲ ಕರೆಗೆ ಸಿಗದಿದ್ದರೂ ಎರಡನೆಯದಕ್ಕೆ ಸಿಗುವ ಮನುಷ್ಯ. ಈಗ ನಾಲ್ಕಾಯಿತು.

ಅವಳು ತನ್ನ ಫೋನಿನಿಂದ ಅವನಿಗೆ ಫೋನು ಮಾಡಿದಳು. ಹೋಯಿತು, ಅಂದರೆ ಸಿಗ್ನಲ್ ಇದೆ. ಕೊನೆಯವರೆಗೂ ರಿಂಗಾಗಿ ಕಡಿಯಿತು. ಅವನ ಜೊತೆಗಿರಬೇಕಾದ ನರ್ಸು ಬೆಳಗಿನ ರೋಗಿಯೊಂದಿಗೆ ಆಸ್ಪತ್ರೆಯಲ್ಲೇ ಉಳಿದಿದ್ದಳು. ಖಾಲಿ ಗಾಡಿಯಲ್ಲಿ ಅವನೊಬ್ಬನೇ ನಿಲ್ದಾಣಕ್ಕೆ ಮರಳುತ್ತಿದ್ದ.

"ಪೊಲೀಸ್ ಕಂಟ್ರೋಲಿಗೆ ಹೇಳ್ಲಾ?" ಎಂದು ಪಕ್ಕದ ಮೇಜಿನ ಮೇಷ್ಟ್ರು ಕೇಳಿದರು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಈಗಲೂ ಕರೆ ಮಾಡಿದವರ ವಿಳಾಸವನ್ನು ಉಕ್ತಲೇಖನದ ಹಾಗೆ ಎರಡೆರಡು ಸಲ ಹೇಳಿಸಿಯೇ ಬಿಡುವವರು.

"ಹೇಳಿ."

ಹೇಳಿದರು. ಜೀಪು ಊರಿನ ಇನ್ನೊಂದು ತುದಿಯಲ್ಲಿದೆ, ಬರುತ್ತದೆ ಎಂಬ ಉತ್ತರ ಬಂತು. ಬರುತ್ತದೆ ಎಂದರೆ ಯಾವಾಗ ಎಂಬುದನ್ನು ಈ ಕೆಲಸದಲ್ಲಿ ಯಾರೂ ಕೇಳುವುದಿಲ್ಲ.

ಪರದೆಯಲ್ಲಿ ಏಳು, ಮೂರು ಬಿಟ್ಟು ಉಳಿದ ಚುಕ್ಕಿಗಳೆಲ್ಲ ಕೆಂಪಗಿದ್ದವು. ಕಟ್ಟಡದ ಸಾರ್ವೆ ಕುಸಿದ ಕಡೆಗೆ ಎರಡು ಗಾಡಿ, ಬಸ್ಸಿನಲ್ಲಿ ಹೆರಿಗೆನೋವು ಬಂದವಳಿಗೆ ಒಂದು, ಉಳಿದವು ಆಸ್ಪತ್ರೆಯ ದಾರಿಯಲ್ಲಿ. ಬಿಡುವಾಗಿದ್ದದ್ದು ಮೂರನೇ ನಂಬರಿನ ಗಾಡಿ ಒಂದೇ. ಕೆಳಗಿನ ಅಂಗಳದಲ್ಲಿ ಡ್ರೈವರು ಅದನ್ನು ತೊಳೆದು ಒರೆಸುತ್ತಿದ್ದ. ಅವಳು ನಾಲ್ಕು ಹೆಜ್ಜೆ ಹೋದಳು, ನಾಲ್ಕು ಹೆಜ್ಜೆ ಬಂದಳು. ಕೈಯಲ್ಲಿರುವ ಒಂದೇ ಗಾಡಿಯನ್ನು ನಿಂತ ಚುಕ್ಕಿಯೊಂದನ್ನು ನೋಡಿಬರಲು ಕಳಿಸಿದರೆ, ಅವನು ಅಲ್ಲಿ ರಸ್ತೆ ಬದಿಯಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದರೆ? ನಾಳೆ ಅಂಗಳದಲ್ಲಿ ಎಲ್ಲರ ಬಾಯಲ್ಲೂ ಅದೇ. ಹೆಂಡತಿ ಕೈಯಲ್ಲಿ ಮೈಕ್ ಇದ್ದರೆ ಗಂಡನಿಗೆ ಬೆಂಗಾವಲು. ಅವನು ಬೀಡಿ ಬಿಟ್ಟು ಆರು ವರ್ಷವಾಗಿದೆ ಎಂಬುದು ಆಮೇಲೆ ನೆನಪಾಯಿತು.

"ಮೂರು, ಕ್ವಾರಿ ರಸ್ತೆಗೆ ಹೊರಡಿ. ಏಳು ಉತ್ತರ ಕೊಡ್ತಿಲ್ಲ."

"ಮೂರು, ಹೊರಟೆ."

ಚುಕ್ಕಿ ಗೇಟು ದಾಟಿತು. ಅವಳು ಉಸಿರು ಬಿಡುವಷ್ಟರಲ್ಲಿ ಮೇಷ್ಟ್ರ ದನಿ ಏರಿತು. "ಎಷ್ಟು ವರ್ಷ? ಆರು ವರ್ಷ. ಹುಡುಗಿ. ಎಲ್ಲಿ ಕಚ್ಚಿದೆ? ಕುತ್ತಿಗೆ ಮೇಲೆ, ಮುಖದ ಮೇಲೆ. ಉಸಿರಾಡ್ತಿದಾಳಾ? ಸರಿಯಾಗಿ ನೋಡಿ ಹೇಳಿ, ಉಸಿರಾಡ್ತಿದಾಳಾ?" ಅವರು ಬಾಯಿಗೆ ಕೈ ಅಡ್ಡ ಹಿಡಿದು ಇವಳ ಕಡೆ ತಿರುಗಿದರು. "ಶಾಲೆ ಮಾಡಿನಿಂದ ಕಣಜದ ಹುಳದ ಗೂಡು ಬಿದ್ದಿದೆ. ಮಗುವಿನ ಗಂಟಲು ಊದಿಕೊಂಡಿದೆ, ತುಟಿ ನೀಲಿಯಾಗ್ತಿದೆ ಅಂತಾರೆ."

ಶಾಲೆ ಪೂರ್ವಕ್ಕೆ. ಕ್ವಾರಿ ಪಶ್ಚಿಮಕ್ಕೆ. ನಡುವೆ ಮೂರನೇ ನಂಬರಿನ ಚುಕ್ಕಿ ಪಶ್ಚಿಮದ ಕಡೆ ಓಡುತ್ತಿತ್ತು.

ಯೋಚಿಸಿದೆ ಎಂದು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ. ಯೋಚಿಸುವಷ್ಟು ಹೊತ್ತು ಇರಲಿಲ್ಲ. "ಮೂರು, ತಿರುಗಿಸಿ. ಶಾಲೆಗೆ ಹೋಗಿ, ಕಣಜದ ಕಡಿತ, ಆರು ವರ್ಷದ ಮಗು, ಇಂಜೆಕ್ಷನ್ ಕೈಯಲ್ಲೇ ಇರಲಿ."

"ಅಮ್ಮಾ, ಮತ್ತೆ ಏಳು?" ಎಂದರು ಮೇಷ್ಟ್ರು.

"ಏಳು ಕಾಯುತ್ತೆ."

ಮೈಕಿನ ಗುಂಡಿಯ ಮೇಲಿಂದ ಅವಳು ಬೆರಳು ತೆಗೆದಿರಲಿಲ್ಲ. ಆ ಎರಡು ಮಾತು ಒಂಬತ್ತು ಗಾಡಿಗಳಿಗೂ ಕೇಳಿಸಿತು.

ಮುಂದಿನ ಒಂಬತ್ತು ನಿಮಿಷ ಅವಳು ರೋಗಿಗಳಿದ್ದ ಗಾಡಿಗಳಿಗೆ ಆಸ್ಪತ್ರೆಯ ದಾರಿ ತೋರಿಸಿದಳು. ದನಿ ಎಂದಿನ ಹಾಗೇ ಇತ್ತು, ಕಾಲುಗಳು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಮೇಜಿನ ಮೂಲೆಗೆ ಎರಡು ಸಲ ಸೊಂಟ ತಾಗಿಸಿಕೊಂಡಳು. ನೀರಿನ ಬಾಟಲಿಯ ಮುಚ್ಚಳ ತೆರೆದು, ಕುಡಿಯದೆ ಮುಚ್ಚಿ, ಮತ್ತೆ ತೆರೆದಳು. ನಡುನಡುವೆ "ಏಳು, ಏಳು" ಎಂದು ಕರೆಯುತ್ತಲೇ ಇದ್ದಳು.

"ಮೂರು. ಶಾಲೆ ಮುಂದಿದ್ದೀನಿ."

"ಮಗು ಹೇಗಿದೆ?"

"ಮಗು ಇಲ್ಲಿಲ್ಲ ಅಕ್ಕಾ. ಇನ್ನೊಂದು ಮಗುವಿನ ಅಪ್ಪ ಯಾರೋ ಕಾರಲ್ಲಿ ಬಂದಿದ್ರಂತೆ, ಎತ್ತಿ ಹಾಕ್ಕೊಂಡು ಆಸ್ಪತ್ರೆಗೆ ಹೋದ್ರಂತೆ. ಹೋಗಿ ಏಳೆಂಟು ನಿಮಿಷ ಆಯ್ತು ಅಂತಾನೆ ಕಾವಲುಗಾರ."

ಏಳೆಂಟು ನಿಮಿಷ. ಅಂದರೆ ಇವಳು ಗಾಡಿ ತಿರುಗಿಸಿದ ಬೆನ್ನಿಗೇ ಆ ಕಾರು ಹೊರಟಿತ್ತು. ಬೇಡ ಎಂದು ಒಂದು ಫೋನು ಮಾಡಲು ಆ ಗಾಬರಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವರ ತಪ್ಪು ಎನ್ನುವಂತೆಯೂ ಇಲ್ಲ.

"ಮೂರು, ಕ್ವಾರಿ ರಸ್ತೆಗೆ ಹೋಗಿ" ಎಂದಳು. ಈ ಸಲ ದನಿ ಒಂದು ಕಡೆ ಸೀಳಿತು.

ಹನ್ನೆರಡು ಇಪ್ಪತ್ನಾಲ್ಕಕ್ಕೆ ಸುದ್ದಿ ಬಂತು. ಮುಂದಿನ ಟಯರು ಸಿಡಿದು ಗಾಡಿ ಇಳಿಜಾರಿನ ಚರಂಡಿಗೆ ಮಗುಚಿತ್ತು. ಡ್ರೈವರನ ಬಲಗಾಲು ಮುರಿದ ಕಬ್ಬಿಣದ ನಡುವೆ ಸಿಕ್ಕಿಕೊಂಡಿತ್ತು. "ಪ್ರಜ್ಞೆ ಇದೆ ಅಕ್ಕಾ, ಮಾತಾಡ್ತಿದ್ದಾರೆ. ರಕ್ತ ತುಂಬ ಹೋಗಿದೆ" ಎಂದ ಮೂರನೇ ನಂಬರಿನವನು. ಕ್ವಾರಿಗೆ ಅಂದು ರಜೆ. ನಲವತ್ತು ನಿಮಿಷದಲ್ಲಿ ಆ ದಾರಿಯಲ್ಲಿ ಒಂದು ಸೈಕಲ್ಲೂ ಹಾದಿರಲಿಲ್ಲ.

ಸೂಪರ್‌ವೈಸರ್ ತನ್ನ ಗಾಜಿನ ಕೋಣೆಯಿಂದ ಹೊರಗೆ ಬಂದು ಅವಳ ಹೆಡ್‌ಫೋನಿಗೆ ಕೈ ಚಾಚಿದ. "ನೀವು ಹೊರಡಿ. ನಾನು ನೋಡ್ಕೋತೀನಿ." ಬಾಗಿಲವರೆಗೆ ಜೊತೆಗೆ ಬಂದು ಗಂಟಲು ಸರಿಮಾಡಿಕೊಂಡ. "ರೆಕಾರ್ಡಿಂಗ್ ಕೇಳ್ದೆ. ನಿಮ್ಮ ಜಾಗದಲ್ಲಿ ಬೇರೆ ಯಾರಿದ್ರೂ ಹಾಗೆ ಮಾಡ್ತಿರಲಿಲ್ಲ. ಸ್ವಂತ ಗಂಡ ಅಂತಲೂ ನೋಡದೆ... ಹೊಸಬರ ತರಬೇತೀಲಿ ಇದನ್ನ ಕೇಳಿಸಬೇಕು."

ಹೊಗಳಿಕೆ ಅವಳ ಬೆನ್ನಿಗೆ ತಣ್ಣೀರು ಸುರಿದ ಹಾಗಿತ್ತು. ಸ್ವಂತ ಗಂಡ ಅಂತಲೂ ನೋಡದೆ. ಮೆಟ್ಟಿಲು ಇಳಿಯುತ್ತ ಅದನ್ನೇ ತಿರುವಿ ಹಾಕಿದಳು. ಗಂಡನೆಂದು ನೋಡದೆ ಗಾಡಿ ತಿರುಗಿಸಿದೆನೋ, ಗಂಡನೆಂದು ನೋಡಿಯೇ ತಿರುಗಿಸಿದೆನೋ? ಏಳರಲ್ಲಿ ಬೇರೊಬ್ಬ ಇದ್ದಿದ್ದರೆ ಶಾಲೆಯವರನ್ನೇ ಒಂದು ಮಾತು ಕೇಳುತ್ತಿದ್ದೆನೇ, ಹತ್ತಿರ ಯಾರದಾದರೂ ಕಾರು ಇದೆಯೇ ಎಂದು? ನಿತ್ಯ ಕೇಳುವ ಪ್ರಶ್ನೆ ಅದು. ಮೇಷ್ಟ್ರೂ ಕೇಳಿರಲಿಲ್ಲ, ಇವಳೂ ಕೇಳಿಸಿರಲಿಲ್ಲ. ಆಟೋದಲ್ಲಿ ಕೂತರೂ ಕೂತ ಹಾಗಿರಲಿಲ್ಲ. ಟ್ರಾಫಿಕ್ ಸಿಗ್ನಲ್ಲಿಗೆ ಆಟೋ ನಿಂತಲ್ಲೆಲ್ಲ ಇಳಿದು ಓಡಬೇಕೆನಿಸುತ್ತಿತ್ತು.

ಆಪರೇಷನ್ ಮುಗಿಯುವ ಹೊತ್ತಿಗೆ ಸಂಜೆ ಐದಾಯಿತು. ಓಡಾಟಕ್ಕೆ ಅಲ್ಲಿ ಉದ್ದದ ಕಾರಿಡಾರ್ ಇತ್ತು. ಮಗಳು ಗೋಡೆಗೊರಗಿ ಕೂತು, "ಅಮ್ಮಾ, ಸಾಕು ಕೂತ್ಕೋ, ನೋಡಿ ನೋಡಿ ನನಗೇ ತಲೆ ಸುತ್ತುತ್ತಿದೆ" ಎಂದಳು. ಹೊರಗೆ ಬಂದ ಡಾಕ್ಟರು ಮೊಣಕಾಲಿನ ಚಿಪ್ಪು ಪುಡಿಯಾಗಿತ್ತು, ಕೂಡಿಸಿದ್ದೇವೆ ಎಂದರು.

"ಅರ್ಧ ಗಂಟೆ ಮುಂಚೆ ಬಂದಿದ್ರೆ?" ಎಂದು ಅವಳು ಕೇಳಿದಳು.

"ಹಾಗೆಲ್ಲ ಹೇಳೋಕಾಗಲ್ಲಮ್ಮ. ಬೇಗ ಬಂದಷ್ಟೂ ಒಳ್ಳೇದೇ."

"ಮತ್ತೆ ಗಾಡಿ ಓಡಿಸ್ತಾರಾ?"

"ಮೊದಲು ನಡೀಲಿ" ಎಂದು ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೋದರು.

ವಾರ್ಡಿನಲ್ಲಿ ಅವನು ಕಣ್ಣು ತೆರೆದಾಗ ಮಗಳು ಕೆಳಗೆ ಔಷಧಿ ತರಲು ಹೋಗಿದ್ದಳು. ಮಾತು ದಾಟಿಸಲು ನಡುವೆ ಯಾರೂ ಇರಲಿಲ್ಲ. ಅವಳು ಮಂಚದ ಕಬ್ಬಿಣ ಹಿಡಿದು ನಿಂತಿದ್ದಳು.

"ಕೇಳಿಸ್ತಿತ್ತು" ಎಂದ ಅವನು. ತುಟಿಗಳು ಒಣಗಿ ಅಂಟಿಕೊಂಡಿದ್ದವು.

"ಏನು?"

"ಎಲ್ಲಾ. ಕೈ ರೇಡಿಯೋ ಎದೆ ಮೇಲೇ ಇತ್ತು. ಗುಂಡಿ ಮುರಿದುಹೋಗಿತ್ತು. ನಿನ್ನ ಮಾತು ನನಗೆ ಬರ್ತಿತ್ತು, ನನ್ನದು ನಿನಗೆ ಹೋಗ್ತಿರಲಿಲ್ಲ. ಫೋನು ಸೀಟಿನ ಕೆಳಗೆ ಬಡ್ಕೋತಿತ್ತು. ಮೂರು ಹೊರಡಿ ಅಂದೆ. ಅಬ್ಬಾ ಅಂದ್ಕೊಂಡೆ. ಆಮೇಲೆ ತಿರುಗಿಸಿ ಅಂದೆ. ಏಳು ಕಾಯುತ್ತೆ ಅಂದೆ."

ಅವಳು ಜಾರಿದ್ದ ಹೊದಿಕೆಯನ್ನು ಅವನ ಎದೆಗೆ ಎಳೆದಳು.

"ಬೈದೆ ನಿನ್ನ. ಆ ಮುರಿದ ಗುಂಡೀನ ಒತ್ತಿ ಒತ್ತಿ ಬೈದೆ."

"ಏನಂತ ಬೈದ್ರಿ?"

"ಇಲ್ಲಿ ಹೇಳೋ ಹಾಗಿಲ್ಲ. ಪಕ್ಕದ ಮಂಚದಲ್ಲಿ ದೊಡ್ಡವರು ಮಲಗಿದ್ದಾರೆ."

ಅವಳ ಗಂಟಲಿನಿಂದ ನಗುವಿನಂಥದ್ದೊಂದು ಹೊರಟು ದಾರಿಯಲ್ಲೇ ಅಳುವಾಯಿತು. ಅವನು ಅದು ಮುಗಿಯುವವರೆಗೆ ಚಾವಣಿ ನೋಡುತ್ತ ಕಾದ.

"ಮಗು?" ಎಂದು ಕೇಳಿದ.

"ಚೆನ್ನಾಗಿದೆಯಂತೆ. ನಮ್ಮ ಗಾಡಿ ಹೋಗೋಷ್ಟರಲ್ಲಿ ಯಾರೋ ಕಾರಲ್ಲಿ ಕರ್ಕೊಂಡು ಹೋಗಿದ್ರು."

"ಅದೂ ಕೇಳಿಸ್ತು." ಮುಖ ಅವಳ ಕಡೆ ತಿರುಗಿಸಿದ. "ಒಂದು ಕೇಳ್ತೀನಿ, ನಿಜ ಹೇಳು. ಅಲ್ಲಿ ನಾನಲ್ಲದೆ ಬೇರೆ ಡ್ರೈವರ್ ಬಿದ್ದಿದ್ರೂ ತಿರುಗಿಸ್ತಿದ್ಯಾ?"

ಹೌದು ಎಂದುಬಿಡಬಹುದಿತ್ತು. ದಾರಿಯುದ್ದಕ್ಕೂ ಅವಳು ಆ ಹೌದನ್ನು ಬಾಯಲ್ಲಿ ಹೊರಳಿಸಿಕೊಂಡೇ ಬಂದಿದ್ದಳು.

"ಗೊತ್ತಿಲ್ಲ ರೀ" ಎಂದಳು. "ಮಧ್ಯಾಹ್ನದಿಂದ ನನ್ನನ್ನೇ ಕೇಳ್ಕೋತಿದ್ದೀನಿ. ಗೊತ್ತಾಗ್ತಿಲ್ಲ."

ಅವನು ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಆಮೇಲೆ ಕಣ್ಣು ಮುಚ್ಚಿದ. ಕೋಪವೋ, ಔಷಧಿಯ ಮಂಪರೋ ತಿಳಿಯುವಂತಿರಲಿಲ್ಲ. "ನೀರು" ಎಂದ. ಅವಳು ಹತ್ತಿ ಅದ್ದಿ ತುಟಿ ಒದ್ದೆ ಮಾಡಿದಳು. ಅದಕ್ಕಿಂತ ಹೆಚ್ಚು ಕೊಡಬಾರದೆಂದು ನರ್ಸು ಹೇಳಿದ್ದಳು. "ಇನ್ನೂ" ಎಂದ. ಇನ್ನೊಮ್ಮೆ ಅದ್ದಿದಳು.

ಅವನಿಗೆ ನಿದ್ದೆ ಹತ್ತಿದ ಮೇಲೆ ಆಯಾ ಬಂದು ಪ್ಲಾಸ್ಟಿಕ್ ಚೀಲವೊಂದನ್ನು ಕೈಗಿತ್ತಳು. ಒಳಗೆ ಬೆಲ್ಟು, ಒಡೆದ ಕನ್ನಡಕ, ಎಡಗಾಲಿನ ಒಂದು ಶೂ. ಬಲಗಾಲಿನದನ್ನು ಕತ್ತರಿಸಿ ತೆಗೆಯಬೇಕಾಯಿತಂತೆ. ಅವಳು ಶೂ ಎತ್ತಿಕೊಂಡು ವಾರ್ಡಿನ ಕೊನೆಯ ಬೇಸಿನ್ನಿಗೆ ಹೋದಳು. ನಲ್ಲಿಯ ಕೆಳಗೆ ಹಿಡಿದಾಗ ಮೊದಲು ಕಪ್ಪು ನೀರು, ಆಮೇಲೆ ಕೆಂಪು ಮಣ್ಣಿನ ನೀರು ಇಳಿಯಿತು. ಅಡಿಯ ಗೀರುಗಳಲ್ಲಿ ಕ್ವಾರಿಯ ಸಣ್ಣ ಕಲ್ಲುಗಳು ಸಿಕ್ಕಿಕೊಂಡಿದ್ದವು. ತಲೆಯಿಂದ ಪಿನ್ನು ತೆಗೆದು ಒಂದೊಂದಾಗಿ ಕಿತ್ತಳು. ಕಿತ್ತ ಕಲ್ಲು ಬೇಸಿನ್ನಿಗೆ ಬಿದ್ದು ಟಣ್ ಎನ್ನುತ್ತಿತ್ತು. ಎಲ್ಲ ಮುಗಿದ ಮೇಲೆ ಸೆರಗಿನಿಂದ ಒರೆಸಿ, ಮಂಚದ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ, ಉಳಿದಿದ್ದ ಒಂದು ಗೇಣು ಬಿಸಿಲಿನಲ್ಲಿ ಅದನ್ನು ಒಣಗಲು ಇಟ್ಟಳು. ಬಿಸಿಲು ಸರಿದಂತೆ ಶೂವನ್ನೂ ಸ್ವಲ್ಪ ಸ್ವಲ್ಪವೇ ಸರಿಸಿದಳು.